ನೀರೊಳಗಿದ್ದೂ ಬೆವರಿದವನು: ದುರ್ಯೋಧನ ದುರಂತ ನಾಯಕನೇ?

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ರನ್ನನ ‘ಗದಾಯುದ್ಧ’ದ ದುರ್ಯೋಧನ ದುರಂತ ನಾಯಕ ಎಂದು ತರಗತಿಯಲ್ಲಿ ಹೇಳಿದರು. ತುಂಬಿದ ಸಭೆಗೆ ಹೆಂಗಸೊಬ್ಬಳನ್ನು ಎಳೆಸಿಕೊಂಡು ಬಂದವನು ಖಳ ಅಲ್ವಾ? ಅವನು ಸತ್ತರೆ ಅದು ನ್ಯಾಯ. ದುರಂತ ಹೇಗಾಗುತ್ತದೆ? ಕೊನೆಯಲ್ಲಿ ಅಳು ಬರಿಸುವ ಕಥೆಗಳೆಲ್ಲ ದುರಂತವೇ? ಹಾಗಿದ್ದರೆ ‘ಕೆರೆಗೆ ಹಾರ’ದ ಭಾಗೀರಥಿಯೂ ದುರಂತ ನಾಯಕಿಯೇ? ಬಡವರ ಕಥೆಗೆ ಈ ಮಾತು ಒಪ್ಪುವುದಿಲ್ಲವೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಟ್ಟುಕೊಡದೆಯೇ ಮುಂದೆ ಓದಿ. ರನ್ನನೂ ಈ ವಿಷಯದಲ್ಲಿ ನಿಮ್ಮ ಕಡೆಗೇ ಇದ್ದಾನೆ. ಅವನ ಕಾವ್ಯದ ನಾಯಕ ಭೀಮ. ಅದಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೂ ಇದೆ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನ ಜೊತೆ ಸಮೀಕರಿಸಿ ಬರೆದ ಕಾವ್ಯ ಅದು. ಮೊದಲಲ್ಲೇ ದ್ರೌಪದಿಯ ಅವಮಾನ, ಅವಳ ಮುಡಿ, ಭೀಮನ ಪ್ರತಿಜ್ಞೆ ಎಲ್ಲ ಬರುತ್ತವೆ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ರನ್ನ ತೆರೆದಿಡುವುದೇ ಇಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ನಮ್ಮ ಜೊತೆ ಉಳಿಯುವವನು ಗೆದ್ದ ಭೀಮ ಅಲ್ಲ, ಸೋತ ದುರ್ಯೋಧನ. ಇದು ಯಾಕೆ ಹೀಗಾಗುತ್ತದೆ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಕೊಳದ ಹತ್ತಿರ ಹೋಗೋಣ. ಯುದ್ಧ ಮುಗಿಯುತ್ತಾ ಬಂದಿದೆ. ದ್ರೋಣ ಇಲ್ಲ, ಕರ್ಣ ಇಲ್ಲ, ತಮ್ಮಂದಿರಿಲ್ಲ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಿದ್ದಾನೆ. ಸಂಧಿ ಮಾಡಿಕೋ ಅಂತ ಅಪ್ಪ ಅಮ್ಮ ಬೇಡಿಕೊಂಡಿದ್ದಾರೆ. ಸಂಜಯ ಹೇಳಿದ್ದಾನೆ. ಬಾಣದ ಹಾಸಿಗೆಯ ಮೇಲಿರುವ ಭೀಷ್ಮನೂ ಅದನ್ನೇ ಹೇಳುತ್ತಾನೆ. ಇವನು ಒಪ್ಪುವುದಿಲ್ಲ. ಕೊನೆಗೆ ಭೀಷ್ಮ ಒಂದು ದಾರಿ ತೋರಿಸುತ್ತಾನೆ. ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು. ನಾಳೆ ಬಲರಾಮ ಬರುತ್ತಾನೆ, ಅಶ್ವತ್ಥಾಮ, ಕೃಪ ಎಲ್ಲ ಸೇರಿಕೊಳ್ಳುತ್ತಾರೆ. ಆಮೇಲೆ ಹೋರಾಡು.

ಒಂದೇ ಒಂದು ದಿನ. ನೀರಿನ ಕೆಳಗೆ ಸುಮ್ನೆ ಇದ್ದಿದ್ದರೆ ಸಾಕಿತ್ತು. ಆದರೆ ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ಅದು ಇವನ ಕಿವಿಗೆ ಬೀಳುತ್ತದೆ. ಆಗ ರನ್ನ ಬರೆಯುವ ಸಾಲು ಕನ್ನಡ ಓದಿದವರಿಗೆಲ್ಲ ಗೊತ್ತು: ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಹಾವಿನ ಬಾವುಟದವನು ನೀರಿನೊಳಗಿದ್ದೂ ಬೆವರಿದ. ಹೆದರಿ ಬೆವರಿದ ಅಂತ ಅಂದುಕೊಳ್ಳಬೇಡಿ. ಅವನ ಕಣ್ಣು ಸಿಟ್ಟಿನಿಂದ ಕೆಂಪಾಗಿತ್ತು ಅಂತ ಅದೇ ಪದ್ಯ ಹೇಳುತ್ತದೆ. ಅವನು ಎದ್ದು ಬಂದ, ಗದೆ ಹಿಡಿದ, ತೊಡೆ ಮುರಿಸಿಕೊಂಡು ಬಿದ್ದ.

ದುರಂತವನ್ನು ಹುಡುಕಬೇಕಾದ್ದು ಆ ಸಾವಿನಲ್ಲಿ ಅಲ್ಲ, ಈ ಬೆವರಿನಲ್ಲಿ. ಅವನು ನೀರಿನಲ್ಲೇ ಉಳಿಯಬಹುದಿತ್ತು. ಯಾರೂ ಕೈಹಿಡಿದು ಎಳೆಯಲಿಲ್ಲ. ಆದರೆ ಬೈಗುಳ ಕೇಳಿಸಿಕೊಂಡು ಅಡಗಿ ಕೂರುವವನಾಗಿದ್ದರೆ ಅವನು ದುರ್ಯೋಧನನೇ ಆಗಿರುತ್ತಿರಲಿಲ್ಲ. ಅವನಲ್ಲಿ ನಾವು ಮೆಚ್ಚುವ ಗುಣ ಯಾವುದೋ ಅದೇ ಅವನನ್ನು ನೀರಿನಿಂದ ಮೇಲಕ್ಕೆತ್ತಿ ಭೀಮನ ಗದೆಯ ಮುಂದೆ ನಿಲ್ಲಿಸುತ್ತದೆ. ಆ ಗುಣವನ್ನು ತೆಗೆದರೆ ಅವನು ಬದುಕುತ್ತಾನೆ, ಆದರೆ ಆಗ ಉಳಿದವನು ಬೇರೆ ಯಾರೋ. ಒಬ್ಬ ಮನುಷ್ಯನ ಹಿರಿಮೆ, ಅವನ ನಾಶ ಎರಡೂ ಒಂದೇ ಬೇರಿನಿಂದ ಬಂದಿರುವುದು ಕಾಣಿಸಿದಾಗ ಅದನ್ನು ನಾನು ದುರಂತ ಅನ್ನುತ್ತೇನೆ. ಬೇರೆಯವರು ಬೇರೆ ಥರ ಹೇಳುತ್ತಾರೆ. ನನಗೆ ಇಷ್ಟು ವರ್ಷದ ಓದಿನಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ಅಳತೆ ಸಿಕ್ಕಿಲ್ಲ.

ಆ ಗುಣದ ಹೆಸರು ಛಲ. ಸಂಧಿಯ ಮಾತು ಬಂದಾಗ ಅವನು ಹೇಳುವುದನ್ನು ನೋಡಿ: ‘ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ’. ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ ಹೋರಾಡುತ್ತೇನೆ. ಮುಂದಿನ ಮಾತು ಇನ್ನೂ ಮುಖ್ಯ. ಈ ನೆಲ ನನಗೆ ಹಾಳು ನೆಲ, ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ನಾನು ಮತ್ತೆ ಬಾಳುತ್ತೇನೆಯೇ? ಯುದ್ಧ ಶುರುವಾಗಿದ್ದೇ ನೆಲಕ್ಕೆ, ಅಲ್ವಾ? ಸೂಜಿಮೊನೆಯಷ್ಟೂ ಕೊಡಲಾರೆ ಅಂದವನೇ ಈಗ ಆ ನೆಲ ಬೇಡ ಅನ್ನುತ್ತಾನೆ. ಅವನ ದುರಾಸೆ ಎಲ್ಲೋ ದಾರಿಯಲ್ಲಿ ಉದುರಿಹೋಗಿದೆ. ಗೆಳೆಯನ ಮೇಲಿನ ಪ್ರೀತಿ ಉಳಿದಿದೆ. ಆದರೆ ಆ ಪ್ರೀತಿಯೇ ಈಗ ಸಂಧಿಗೆ ಅಡ್ಡ ನಿಂತಿದೆ.

ಇನ್ನೂ ಒಂದು ಪದ್ಯವಿದೆ. ಕರ್ಣನ ಹೆಣದ ಮುಂದೆ ನಿಂತು ದುರ್ಯೋಧನ ಹೇಳುತ್ತಾನೆ: ನೀನು ಯಾರ ಮಗ ಅಂತ ನನಗೆ ಗೊತ್ತು. ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಈ ಪದ್ಯಕ್ಕೆ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಗೆಳೆಯ ತನ್ನ ಶತ್ರುಗಳ ಅಣ್ಣ ಅಂತ ತಿಳಿದೂ ಅವನನ್ನು ತನ್ನ ಪರವಾಗಿ ಯುದ್ಧಕ್ಕೆ ಕಳಿಸಿದ್ದಾನೆ. ಅವನನ್ನು ಪ್ರೀತಿಸಿದ್ದೂ ನಿಜ, ಬಳಸಿಕೊಂಡಿದ್ದೂ ನಿಜ. ಈ ಎರಡರ ಭಾರವನ್ನೂ ಹೊತ್ತು ಅವನು ಅಳುತ್ತಾನೆ. ಖಳ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಈ ಪದ್ಯವನ್ನು ನಾವು ಓದಿದಂತೆಯೇ ಆಗುವುದಿಲ್ಲ. ಒಳ್ಳೆಯವನು ಅಂದರೂ ಓದಿದಂತಾಗುವುದಿಲ್ಲ.

ಅಭಿಮನ್ಯುವಿನ ಹೆಣದ ಮುಂದೆ ಅವನು ಆಡುವ ಮಾತು ಬೇರೆ ಥರದ್ದು. ಶತ್ರುವಿನ ಮಗನಿಗೆ ಕೈಮುಗಿದು, ನಿನ್ನ ಪರಾಕ್ರಮದಲ್ಲಿ ಒಂದು ಪಾಲಿಗೆ ಸಮನಾದ ಮರಣವಾದರೂ ನನಗೆ ಸಿಗಲಿ ಅಂತ ಕೇಳಿಕೊಳ್ಳುತ್ತಾನೆ. ಹುಡುಗನನ್ನು ಮುತ್ತಿ ಕೊಂದ ಪಕ್ಷದ ಒಡೆಯ ಅವನೇ ಎಂಬುದನ್ನು ಮರೆಯದೆ ಇದನ್ನು ಓದಬೇಕು. ಆಗಲೇ ಅದರ ನೋವು ತಿಳಿಯುವುದು.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದೂ ಇದಕ್ಕೆ ಹತ್ತಿರದ್ದು. ಪೂರ್ತಿ ಒಳ್ಳೆಯವನು ಹಾಳಾದರೆ ನಮಗೆ ಬರೀ ಆಘಾತವಾಗುತ್ತದೆ, ಪೂರ್ತಿ ಕೆಟ್ಟವನು ಹಾಳಾದರೆ ತೃಪ್ತಿಯಾಗುತ್ತದೆ, ಎರಡೂ ದುರಂತ ಅಲ್ಲ ಅನ್ನುತ್ತಾನೆ ಅವನು. ನಡುವಿನ ಮನುಷ್ಯ ಬೇಕು. ಅವನು ಯಾವುದೋ ದೊಡ್ಡ ತಪ್ಪಿನಿಂದ ಬೀಳಬೇಕು. ನೋಡುವವರಿಗೆ ಕನಿಕರವೂ ಆಗಬೇಕು, ಭಯವೂ ಆಗಬೇಕು. ನಿಮಗೆ ತರಗತಿಯಲ್ಲಿ ‘ಕೆಥಾರ್ಸಿಸ್’ (ಭಾವಶುದ್ಧಿ ಅಂತ ಸಾಮಾನ್ಯವಾಗಿ ಅನುವಾದಿಸುವ ಮಾತು) ಬಗ್ಗೆ ಜಾಸ್ತಿ ಹೇಳಿರುತ್ತಾರೆ. ಅದರ ಬಗ್ಗೆ ತುಂಬ ತಲೆಕೆಡಿಸಿಕೊಳ್ಳಬೇಡಿ. ದುರಂತದ ಲಕ್ಷಣ ಹೇಳುವಾಗ ಅರಿಸ್ಟಾಟಲ್ ಆ ಮಾತನ್ನು ಬಳಸಿ ಮುಂದೆ ಹೋಗುತ್ತಾನೆ. ನಮಗೆ ಉಳಿದಿರುವ ಪುಸ್ತಕದಲ್ಲಿ ಅದರ ವಿವರಣೆ ಇಲ್ಲ. ನೂರಾರು ವರ್ಷದಿಂದ ವಿದ್ವಾಂಸರು ಅದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಿದ್ದಾರೆ.

ಅರಿಸ್ಟಾಟಲ್‌ಗೆ ತುಂಬ ಇಷ್ಟವಾದ ನಾಟಕ ಸೋಫೋಕ್ಲಿಸ್‌ನ ‘ಈಡಿಪಸ್’. ನಮ್ಮಲ್ಲಿ ಇದನ್ನು ವಿಧಿಯಾಟದ ಕಥೆ ಅಂತ ಹೇಳಿಕೊಡುವ ರೂಢಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಅಪ್ಪನನ್ನು ಕೊಲ್ಲುತ್ತೀಯ, ಅಮ್ಮನನ್ನು ಮದುವೆಯಾಗುತ್ತೀಯ ಎಂಬ ಭವಿಷ್ಯವಾಣಿ ನಾಟಕ ಶುರುವಾಗುವ ಮೊದಲೇ ನಿಜವಾಗಿಹೋಗಿದೆ. ರಂಗದ ಮೇಲೆ ನಡೆಯುವುದು ಒಂದು ತನಿಖೆ. ಥೀಬ್ಸ್ ಊರಿಗೆ ಸಾಂಕ್ರಾಮಿಕ ಬಂದಿದೆ. ಹಳೆಯ ರಾಜನನ್ನು ಕೊಂದವನನ್ನು ಪತ್ತೆ ಮಾಡಿದರೆ ಅದು ಹೋಗುತ್ತದೆ. ಈಡಿಪಸ್ ಹುಡುಕಲು ಹೊರಡುತ್ತಾನೆ. ಕುರುಡ ಜೋಯಿಸ ಟೈರೀಸಿಯಸ್ ಬಾಯಿಬಿಡಲು ಒಪ್ಪುವುದಿಲ್ಲ. ಸತ್ಯ ಹೊಳೆದ ಕೂಡಲೇ, ಅವನ ಹೆಂಡತಿಯೂ ತಾಯಿಯೂ ಆದ ಯೊಕಾಸ್ಟ, ಸಾಕು, ಇನ್ನು ಕೇಳಬೇಡ ಅಂತ ಅಂಗಲಾಚುತ್ತಾಳೆ. ಮುದಿ ಕುರುಬನೂ ಕೊನೆಯ ಮಾತು ಹೇಳಲಾರೆ ಅನ್ನುತ್ತಾನೆ. ಇವನು ನಿಲ್ಲಿಸುವುದಿಲ್ಲ. ಯಾಕೆಂದರೆ ಹೆಣ್ಣಿನ ಮುಖ, ಸಿಂಹದ ಮೈಯ ಸ್ಫಿಂಕ್ಸ್ ಒಡ್ಡಿದ ಒಗಟು ಬಿಡಿಸಿ ಇದೇ ಊರನ್ನು ಉಳಿಸಿದವನು ಅವನು. ಗೊತ್ತಾಗುವವರೆಗೆ ಬಿಡುವುದಿಲ್ಲ ಅನ್ನುವ ಆ ಬುದ್ಧಿಯೇ ಅವನಿಗೆ ಸಿಂಹಾಸನ ಕೊಟ್ಟಿದ್ದು. ಅದೇ ಈಗ ಅವನ ಕಣ್ಣು ಕೀಳಿಸುತ್ತದೆ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಟೈರೀಸಿಯಸ್, ಯೊಕಾಸ್ಟ, ಕುರುಬ. ಇಲ್ಲಿ ಸಂಜಯ, ಅಪ್ಪ ಅಮ್ಮ, ಭೀಷ್ಮ. ಎರಡು ಕಡೆಯೂ ಬಾಗಿಲು ತೆರೆದಿದೆ. ಹೊರಗೆ ಹೋಗು ಅಂತ ಪ್ರೀತಿಸುವವರೇ ಹೇಳುತ್ತಿದ್ದಾರೆ. ಎರಡು ಕಡೆಯೂ ಅವನು ಹೋಗುವುದಿಲ್ಲ, ಮತ್ತು ಅವನು ಹೋಗುವುದಿಲ್ಲ ಅಂತ ನಮಗೆ ಮೊದಲೇ ಗೊತ್ತು. ಇನ್ನೊಂದು ಸಂಗತಿ: ನಾಟಕದ ಕೊನೆಯಲ್ಲಿ ಈಡಿಪಸ್ ಸಾಯುವುದಿಲ್ಲ. ಕುರುಡನಾಗಿ ಬದುಕಿರುತ್ತಾನೆ. ಹಾಗಾಗಿ ನಾಯಕನ ಸಾವು ದುರಂತದ ಕಡ್ಡಾಯ ಲಕ್ಷಣ ಅಂತ ಗೈಡುಗಳಲ್ಲಿ ಬರೆದಿದ್ದರೆ ಅದನ್ನು ನಂಬಬೇಡಿ.

‘ಅವನು ಸತ್ತರೆ ನ್ಯಾಯ’ ಅಂದಿರಲ್ಲ, ಅದಕ್ಕೆ ಅಥೆನ್ಸ್‌ನ ಎರಡು ನಾಟಕಗಳ ಕಥೆ ಹೇಳಬೇಕು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೀಟಸ್ ಎಂಬ ಗ್ರೀಕ್ ನಗರವನ್ನು ಹಾಳುಮಾಡಿದರು. ಅದು ಅಥೆನ್ಸಿನವರಿಗೆ ನೆಂಟರ ಊರಿದ್ದಂತೆ. ಫ್ರಿನಿಕಸ್ ಎಂಬ ನಾಟಕಕಾರ ಅದನ್ನೇ ರಂಗಕ್ಕೆ ತಂದ. ಇಡೀ ಪ್ರೇಕ್ಷಕ ಸಮೂಹ ಕಣ್ಣೀರಿಟ್ಟಿತು. ಆಮೇಲೆ ಊರಿನವರು ಅವನಿಗೆ ಸಾವಿರ ದ್ರಾಖ್ಮಾ ದಂಡ ಹಾಕಿದರು. ನಮ್ಮದೇ ಸಂಕಟವನ್ನು ನೆನಪಿಸಿದ್ದೇ ಅವನ ತಪ್ಪು ಅಂದರು. ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಅಂತಲೂ ಕಟ್ಟು ಮಾಡಿದರು. ಇದನ್ನು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಅಳು ಬರಿಸಿದರೆ ಸಾಕು ಅನ್ನುವುದಾಗಿದ್ದರೆ ಫ್ರಿನಿಕಸ್‌ಗೆ ದಂಡ ಯಾಕೆ ಬೀಳಬೇಕಿತ್ತು?

ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ಇನ್ನೊಂದು ನಾಟಕ ತಂದ, ‘ಪರ್ಷಿಯನ್ನರು’. ಎಂಟು ವರ್ಷದ ಹಿಂದೆಯಷ್ಟೇ ಪರ್ಷಿಯದ ದೊರೆ ಜರ್ಕ್ಸಿಸ್ ಬಂದು ಅಥೆನ್ಸನ್ನು ಸುಟ್ಟಿದ್ದ, ಸಲಾಮಿಸ್ ಸಮುದ್ರಯುದ್ಧದಲ್ಲಿ ಸೋತು ಓಡಿದ್ದ. ಈಸ್ಕಿಲಸ್ ಸ್ವತಃ ಮ್ಯಾರಥಾನ್ ಕಾಳಗದಲ್ಲಿ ಪರ್ಷಿಯನ್ನರ ಎದುರು ಕಾದಾಡಿದವನು. ಅವನು ಬರೆದದ್ದು ಗೆಲುವಿನ ನಾಟಕ ಆಗಬೇಕಿತ್ತು, ಅಲ್ವಾ? ಅವನು ಕಥೆಯನ್ನು ಶತ್ರುವಿನ ರಾಜಧಾನಿ ಸೂಸಾಕ್ಕೆ ಒಯ್ದ. ಅಲ್ಲಿ ತಾಯಿ ಮಗನಿಗಾಗಿ ಕಾಯುತ್ತಿದ್ದಾಳೆ. ದೂತ ಬಂದು ಸತ್ತವರ ಹೆಸರು ಹೇಳುತ್ತಾನೆ. ಸತ್ತ ದೊರೆ ದಾರಿಯಸ್ ಪ್ರೇತವಾಗಿ ಎದ್ದು ಮಗನ ಅಹಂಕಾರವನ್ನು ಬೈಯುತ್ತಾನೆ. ಕೊನೆಗೆ ಹರಿದ ಬಟ್ಟೆಯಲ್ಲಿ ಜರ್ಕ್ಸಿಸ್ ಬರುತ್ತಾನೆ. ಇಡೀ ನಾಟಕದಲ್ಲಿ ಒಬ್ಬ ಗ್ರೀಕ್ ವೀರನ ಹೆಸರೂ ಇಲ್ಲ. ಸುಟ್ಟ ಊರಿನಲ್ಲಿ ಕೂತ ಜನ ಸುಟ್ಟವನ ಮನೆಯ ಗೋಳನ್ನು ನೋಡಿದರು. ಆ ನಾಟಕವಿದ್ದ ನಾಟಕಗುಚ್ಛಕ್ಕೆ ಆ ವರ್ಷ ಮೊದಲ ಬಹುಮಾನ ಬಂತು.

ಜರ್ಕ್ಸಿಸ್ ಮಾಡಿದ್ದು ಸರಿ ಅಂತ ಈಸ್ಕಿಲಸ್ ಎಲ್ಲೂ ಹೇಳುವುದಿಲ್ಲ. ದುರ್ಯೋಧನ ಮಾಡಿದ್ದು ಸರಿ ಅಂತ ರನ್ನನೂ ಹೇಳುವುದಿಲ್ಲ. ಶಿಕ್ಷೆ ನ್ಯಾಯವೇ. ಆದರೂ ಎದೆ ಹಿಂಡುತ್ತದೆ. ಈ ಎರಡೂ ಒಟ್ಟಿಗೇ ಇರಬಹುದು ಅಂತ ತೋರಿಸುವುದು ದುರಂತದ ಕೆಲಸ. ನ್ಯಾಯವಾಯಿತು ಅಂತ ಕನಿಕರ ಬಿಡಬೇಕಿಲ್ಲ, ಕನಿಕರ ಬಂತು ಅಂತ ನ್ಯಾಯ ಮರೆಯಬೇಕಿಲ್ಲ. ದ್ರೌಪದಿಯ ಪರವಾಗಿ ನಿಮ್ಮಲ್ಲಿ ಹುಟ್ಟಿದ ಸಿಟ್ಟು ಹಾಗೇ ಇರಲಿ ಅಂತ ಮೊದಲಲ್ಲೇ ಹೇಳಿದ್ದು ಇದಕ್ಕೇ. ಅದಿಲ್ಲದೆ ದುರ್ಯೋಧನನಿಗಾಗಿ ಅತ್ತರೆ ಆ ಅಳು ಹಗುರವಾಗುತ್ತದೆ.

ಇದನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಂಡವರು ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ಅವರು ರನ್ನನ ಪದ್ಯಗಳನ್ನೇ ಆರಿಸಿ ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದರು. ಭೀಮನ ವಿಜಯ ಹಿಂದಕ್ಕೆ ಸರಿದು ದುರ್ಯೋಧನ ನಡುವಿಗೆ ಬಂದ. 1935ರಲ್ಲಿ ಈಸ್ಕಿಲಸ್‌ನ ಅದೇ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಇವೆರಡನ್ನೂ ಒಬ್ಬರೇ ಆರಿಸಿಕೊಂಡಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ನಡುವೆ ಸೋಫೋಕ್ಲಿಸ್‌ನ ‘ಅಯಾಸ್’ ನಾಟಕದ ದಾರಿ ಹಿಡಿದು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿ ಅಂತ ನಾವು ನಂಬಿದವನನ್ನೇ ರಂಗದಲ್ಲಿ ಸಾಯಿಸಿದರು ಅಂತ ಅದಕ್ಕೆ ಆಕ್ಷೇಪವೂ ಬಂತು. ಆಕ್ಷೇಪ ಮಾಡಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿ ಮಲಗಿದ ಮಕ್ಕಳನ್ನು ಕೊಂದವನು ಬೆಳಗಾದ ಮೇಲೆ ತನ್ನ ಮುಖ ತಾನೇ ಹೇಗೆ ನೋಡಿಕೊಂಡಾನು ಎಂಬ ಪ್ರಶ್ನೆ ಕೇಳಲು ಶ್ರೀಯವರಿಗೆ ಆ ಸ್ವಾತಂತ್ರ್ಯ ಬೇಕಿತ್ತು.

ಇನ್ನು ಅಳು ಬರಿಸುವ ಕಥೆಗಳೆಲ್ಲ ದುರಂತವೇ ಎಂಬ ಪ್ರಶ್ನೆ. ಇಲ್ಲ. ಭವಭೂತಿಯ ‘ಉತ್ತರರಾಮಚರಿತ’ದಷ್ಟು ಅಳು ಬರಿಸುವ ನಾಟಕ ಕಡಿಮೆ, ಆದರೆ ಕೊನೆಯಲ್ಲಿ ರಾಮ ಸೀತೆ ಒಂದಾಗುತ್ತಾರೆ. ಅದು ಕರುಣರಸ. ಅಪಘಾತದಲ್ಲಿ ಜನ ಸತ್ತರೆ ಅದು ಭಾರಿ ದುಃಖದ ಸಂಗತಿ. ಆದರೆ ಸತ್ತವರ ಗುಣಕ್ಕೂ ಸಾವಿಗೂ ಅಲ್ಲಿ ಸಂಬಂಧವಿಲ್ಲ.

ಭಾಗೀರಥಿಯ ವಿಷಯ ಅಷ್ಟು ಸುಲಭವಲ್ಲ. ಆ ಜನಪದ ಹಾಡಿನಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರುವುದಿಲ್ಲ. ಸೊಸೆಯೊಬ್ಬಳನ್ನು ಹಾರ (ಬಲಿ) ಕೊಡಬೇಕು ಅಂತ ಶಾಸ್ತ್ರದಲ್ಲಿ ಬರುತ್ತದೆ. ಕಿರಿಯವಳು ಭಾಗೀರಥಿಯ ಪಾಲಿಗೆ ಅದು ಬೀಳುತ್ತದೆ. ಅವಳಿಗೆ ಎಲ್ಲ ಗೊತ್ತಾಗಿದೆ. ತವರಿಗೆ ಹೋಗುತ್ತಾಳೆ, ಅಪ್ಪ ಅಮ್ಮನಿಗೆ ನಿಜ ಹೇಳದೆ ಬೇರೇನೋ ನೆಪ ಹೇಳುತ್ತಾಳೆ. ಗೆಳತಿಗೆ ಮಾತ್ರ ಹೇಳುತ್ತಾಳೆ. ವಾಪಸು ಬಂದು ಮೆಟ್ಟಿಲಿಳಿಯುತ್ತಾಳೆ, ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಬರುತ್ತಾನೆ, ತಿಳಿದ ಮೇಲೆ ತಾನೂ ಹಾರುತ್ತಾನೆ.

ಅವಳ ಮೌನದಲ್ಲಿ ದೊಡ್ಡತನವಿದೆ. ಆದರೆ ಅವಳನ್ನು ಕೊಂದದ್ದು ಅವಳ ಯಾವ ಗುಣವೂ ಅಲ್ಲ. ಕೊಂದವರು ಮನೆಯ ಹಿರಿಯರು. ಅವಳು ಜಗಳಗಂಟಿಯಾಗಿದ್ದರೂ ಅವಳ ಸ್ಥಾನ ಅದೇ, ಕಿರಿ ಸೊಸೆ. ಈ ಹಾಡನ್ನು ದುರಂತ ಅಂತ ಕರೆಯಲು ನನಗೆ ಮನಸ್ಸಿಲ್ಲ. ಕರೆದರೆ ಹಾಡು ಕಡಿಮೆಯದಾಗುತ್ತದೆ ಅಂತಲ್ಲ. ಕರೆದರೆ ಮಲ್ಲನಗೌಡ ತಪ್ಪಿಸಿಕೊಳ್ಳುತ್ತಾನೆ. ಈ ಹಾಡು ಯಾರನ್ನೂ ಬೈಯದೆ ಒಂದು ಮನೆತನದ ಮೇಲೆ ಕೊಲೆಯ ಆರೋಪ ಹೊರಿಸುತ್ತದೆ. ಅದನ್ನು ಹಾಗೇ ಕೇಳಿಸಿಕೊಳ್ಳಬೇಕು. ನಿಜವಾಗಿ ಇದರಲ್ಲಿ ದುರಂತ ಬರೆಯಬೇಕೆಂದು ನಾಟಕಕಾರ ಹೊರಟರೆ ಅವನಿಗೆ ನಾಯಕ ಸಿಗುವುದು ಗೌಡನಲ್ಲೇ. ಊರಿಗೆ ನೀರು ಬೇಕು ಅನ್ನುವುದು ಒಳ್ಳೆಯ ಆಸೆ. ಆ ಆಸೆಯಲ್ಲೇ ಅವನು ಸೊಸೆಯನ್ನು ಕೊಟ್ಟ, ಮಗನನ್ನು ಕಳೆದುಕೊಂಡ. ಕೆರೆ ತುಂಬಿತು. ಆದರೆ ಹಾಡು ಕಟ್ಟಿದ ಹೆಂಗಸರಿಗೆ ಗೌಡನ ಸಂಕಟದಲ್ಲಿ ಆಸಕ್ತಿ ಇಲ್ಲ. ಅವರು ಭಾಗೀರಥಿಯ ಜೊತೆಗೇ ಮೆಟ್ಟಿಲಿಳಿಯುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಬಡವರಿಗೆ ದುರಂತ ಒಪ್ಪುವುದಿಲ್ಲವೇ ಅಂದಿರಿ. ಗ್ರೀಕರು ದೊಡ್ಡ ಮನೆತನದವರನ್ನೇ ಆರಿಸಿಕೊಂಡರು, ನಿಜ. ಬಿದ್ದರೆ ಇಡೀ ಊರಿಗೆ ಕೇಳಿಸಬೇಕಿತ್ತು. ಆದರೆ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲೇ ನಿಮಗೆ ಉತ್ತರ ಕೊಟ್ಟಿದೆ. ಚೋಮನಿಗೆ ಒಂದೇ ಆಸೆ, ತುಂಡು ಭೂಮಿಯಲ್ಲಿ ತಾನೂ ಬೇಸಾಯ ಮಾಡಬೇಕು. ಅವನು ಹುಟ್ಟಿದ ಜಾತಿಗೆ ಅದು ಕೂಡದು ಅಂತ ಸಮಾಜ ಹೇಳುತ್ತದೆ. ಇಲ್ಲಿಯವರೆಗೆ ಇದು ಭಾಗೀರಥಿಯ ಥರದ್ದೇ ಅನ್ಯಾಯ. ಕಾರಂತರು ಇಲ್ಲಿಗೆ ನಿಲ್ಲಿಸುವುದಿಲ್ಲ. ಮತಾಂತರವಾದರೆ ಭೂಮಿ ಸಿಗುತ್ತದೆ. ಚೋಮ ಹೊರಡುತ್ತಾನೆ. ದಾರಿಯಲ್ಲಿ ತನ್ನ ದೈವ ಪಂಜುರ್ಲಿಯ ಗುಡಿ ಕಾಣುತ್ತದೆ, ಬಿಟ್ಟು ಹೋಗಲಾರದೆ ತಿರುಗಿ ಬರುತ್ತಾನೆ. ನೋಡಿ, ಇಲ್ಲೂ ಬಾಗಿಲು ತೆರೆದಿತ್ತು. ಹೊರಗೆ ಹೋಗಲಾರದೆ ಹೋದದ್ದು ಅವನ ನಿಷ್ಠೆಯಿಂದ. ಮಣ್ಣಿನ ಮೇಲಿನ ಆಸೆ, ದೈವದ ಮೇಲಿನ ಭಕ್ತಿ ಎರಡೂ ಒಳ್ಳೆಯವೇ. ಒಂದೇ ಎದೆಯಲ್ಲಿ ಎರಡಕ್ಕೂ ಜಾಗ ಸಿಗದ ಹಾಗೆ ಮಾಡಿದ್ದು ಊರಿನ ಕಟ್ಟಳೆ. ಅನ್ಯಾಯ ಹೊರಗಿನಿಂದ ಬಂದಿದ್ದರೂ ನಿರ್ಧಾರ ಒಳಗಿನದು. ಅದಕ್ಕೇ ಚೋಮ ನನಗೆ ದುರ್ಯೋಧನನಷ್ಟೇ ದೊಡ್ಡ ದುರಂತ ನಾಯಕ. ಕಿರೀಟ ಇಲ್ಲದಿದ್ದರೆ ಏನೂ ಕೊರತೆಯಿಲ್ಲ.

ಇನ್ನೂ ಓದುವ ಆಸೆಯಿದ್ದರೆ ಭಾಸನ ‘ಊರುಭಂಗ’ದ ಯಾವುದಾದರೂ ಕನ್ನಡ ಅನುವಾದ ಹಿಡಿಯಿರಿ, ಚಿಕ್ಕ ನಾಟಕ. ಸಂಸ್ಕೃತ ರಂಗದ ಕಟ್ಟಲೆ ಮೀರಿ ಅಲ್ಲಿ ದುರ್ಯೋಧನ ಪ್ರೇಕ್ಷಕರ ಕಣ್ಣೆದುರೇ ಸಾಯುತ್ತಾನೆ. ಪುಟ್ಟ ಮಗ ತೊಡೆಯ ಮೇಲೆ ಕೂರಲು ಬರುತ್ತಾನೆ, ಮುರಿದ ತೊಡೆ. ಆದರೆ ಭಾಸನ ದುರ್ಯೋಧನ ಕೊನೆಗೆ ಮೆತ್ತಗಾಗುತ್ತಾನೆ. ಪಾಂಡವರ ಮಾತು ಕೇಳಿಕೊಂಡಿರು ಅಂತ ಮಗನಿಗೆ ಹೇಳುತ್ತಾನೆ, ಸೇಡು ಬೇಡ ಅಂತ ಅಶ್ವತ್ಥಾಮನನ್ನು ತಡೆಯಲು ನೋಡುತ್ತಾನೆ. ರನ್ನನವನು ಹೀಗೆ ಬಾಗುವವನಲ್ಲ. ಭಾಸನ ದುರ್ಯೋಧನ ಮನುಷ್ಯನಾಗಿ ದೊಡ್ಡವನು ಅಂತ ಒಪ್ಪುತ್ತೇನೆ. ದುರಂತವಾಗಿ ನನ್ನನ್ನು ಜಾಸ್ತಿ ಕಾಡುವವನು ರನ್ನನ ದುರ್ಯೋಧನ. ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇರೆಯಾದರೆ, ಪರೀಕ್ಷೆಯಲ್ಲಿ ಅದನ್ನೇ ಧೈರ್ಯವಾಗಿ ಬರೆಯಿರಿ. ಕೊಳದ ಪದ್ಯಗಳನ್ನು ಮಾತ್ರ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಹೋಗಿ.